ಬಿಯರ್ ಜಾಡಿಯೊಳಗೆ ಇಲಿ

ಜೊಹರಾ ಹುಣಸೆಹಣ್ಣು, ಬೂದಿ ಹಚ್ಚಿ ತಾಮ್ರದ ಹಂಡೆ ತಿಕ್ಕುತ್ತಿದ್ದಳು. ದೊರೆ ಬಿಯರ್ ಕುದಿಸುವ ಹಂಡೆ ಅದು. ತಳಕ್ಕೆ ಹತ್ತಿದ ಗಸಿಯ ಹುಳಿನಾತ ಎಷ್ಟು ತಿಕ್ಕಿದರೂ ಹೋಗದು.

ಬಂಗಲೆಯೊಳಗೆ ಯಾರೋ ಭಳಕ್ಕನೆ ಕಾರಿಕೊಂಡರು. ಹಿಂದೆಯೇ ಅಡುಗೆಯವನಾದ ಅವಳ ಗಂಡ ಕರೀಮನ ಕೂಗು: "ಜೊಹರಾ! ಬೇಗ ಬಾ!"

ಯಲ್ಲಾಪುರದ ಕಾಡಿನ ಉಸ್ತುವಾರಿಯ ಜಂಗಲ್ ಸಾಹೇಬರು, ಎಲ್ಲರ ಬಾಯಲ್ಲಿ ದೊರೆ, ಊಟಕ್ಕೆ ಮುಂಚೆ ಒಂದು ಗ್ಲಾಸು ಕುಡಿದಿದ್ದರು. ಎರಡನೆಯದಕ್ಕೆ ಜಾಡಿಯ ರಬ್ಬರ್ ನಳಿಗೆ ಕಟ್ಟಿಕೊಂಡಿತು. ಕರೀಂ ಬಾಯಿಬಟ್ಟೆ ಬಿಚ್ಚಿದ. ನೊರೆಯಲ್ಲಿ ಇಲಿ ತೇಲುತ್ತಿತ್ತು. ಹೊಟ್ಟೆ ಉಬ್ಬಿತ್ತು. ಇರುವೆ ತಿಂದ ಕಣ್ಣು.

* * *

"ಜಾಡಿ ಕಾಯಾಂವ ನೀನ. ದೊರೆಗೆ ವಿಷ ಹಾಕಿದಾಂವನೂ ನೀನ. ನಡಿ ಠಾಣೆಗೆ," ಎಂದು ಫೌಜದಾರ ಅಂದಾನಪ್ಪ ಕರೀಮನ ತೋಳು ಹಿಡಿದರು.

ಜೊಹರಾ ಅಡ್ಡ ನಿಂತಳು. "ಮುಂಜಾನೆ ಇವರು ನೊರೆ ತೆಗೆದಾಗ ಜಾಡಿ ಚೊಕ್ಕ ಇತ್ತು ಸಾಹೇಬ್ರೆ. ಆಮೇಲೆ ಯಾರೋ ಹಾಕಿದಾರೆ."

"ಇಲಿ ಬೋನು ತೋಟದ ಬೈರಂದು," ಎಂದ ಕರೀಂ.

ಬೈರನ ಕುತ್ತಿಗೆಗೆ ಫೌಜದಾರರ ಕೈ ಬಿತ್ತು.

"ಸತ್ತಿಲೀನ ಮೊನ್ನೇನೇ ಗೊಬ್ಬರಗುಂಡಿಗೆ ಎಸ್ದೆ, ಒಡೆಯಾ! ಜಾಡಿ ಅಡಿಗಸಿ ಕುಡ್ಯೋನು ನಾನೇಯಾ. ನನ್ ಪಾಲಿಗೆ ನಾನೇ ಇಲಿ ಹಾಕ್ಕೊಳ್ತನಾ?"

ಫೌಜದಾರರು ನಗು ನುಂಗಿ ಕೈಬಿಟ್ಟರು.

ಗುಮಾಸ್ತ ಸುಬ್ರಾಯ ಹೆಗಡೆ ಜಗಲಿಯಲ್ಲಿ ಮೂಗು ಮುಚ್ಚಿ ನಿಂತಿದ್ದ. "ಥೂ! ಆ ಅಡುಗೆಮನೆ ಕಡೆ ನಾನು ತಲೆ ಹಾಕಿಯೂ ಮಲಗುವವನಲ್ಲ."

* * *

ಕೈ ತೊಳೆಯಲು ಜೊಹರಾ ಬಾವಿಕಟ್ಟೆಗೆ ಹೋದಳು. ಹಗ್ಗದ ಮೇಲೆ ಪಂಚೆ, ಶಲ್ಯ ತೊಟ್ಟಿಕ್ಕುತ್ತಿದ್ದವು. ತಿರುಗಿ ಜಗಲಿಯತ್ತ ನೋಡಿದಳು. ಹೆಗಡೆಯ ಜುಟ್ಟೂ ಒದ್ದೆ, ಜನಿವಾರವೂ ಒದ್ದೆ.

"ಹೆಗಡೇರೆ, ಮನೆ ಕಡೆಯಿಂದ ಸೂತಕದ ಸುದ್ದಿ ಬಂತಾ?"

"ಇಲ್ಲೆ. ಎಂತಕ್ಕೆ?"

"ಬೆಳಿಗ್ಗೆ ಮಿಂದು ಪೂಜೆ ಮಾಡಿ ಬಂದವರು ಮಧ್ಯಾಹ್ನ ಮತ್ತೆ ಮಿಂದಿರಲ್ಲ?"

"ಸೆಕೆ!"

"ಸೆಕೆಗೆ ಮೀಯೋರು ಬಟ್ಟೆ ಬಿಚ್ಚಿಟ್ಟು ಮೀತಾರೆ. ಉಟ್ಟಿದ್ದು ಹೊದ್ದಿದ್ದು ಸಮೇತ ನೀರು ಹೊಯ್ಕೊಳ್ಳೋದು ಮೈಲಿಗೆ ತಾಗಿದ್ರೆ. ಏನು ತಾಗಿತು?"

ಶಲ್ಯ ತಂದು ಫೌಜದಾರರ ಮುಂದೆ ಹಿಡಿದಳು. ಅವರು ಮೂಸಿ ಮುಖ ಸಿಂಡರಿಸಿದರು. "ಬಿಯರ್!"

ಹೆಗಡೆ ಎರಡು ಹೆಜ್ಜೆ ಹಿಂದೆ ಸರಿದ. "ಆನು ಇಲಿ ಮುಟ್ಟಿದ್ನಿಲ್ಲೆ! ಕೋಲಲ್ಲಿ ಎತ್ತಿ ಹಾಕಿದ್ದು ಅಷ್ಟೆ. ಆ ಹಾಳು ಹೆಂಡ ಮೈಗೆ ಸಿಡಿದು..."

ಉಳಿದದ್ದು ಠಾಣೆಯಲ್ಲಿ ಹೊರಬಿತ್ತು. ಸರ್ಕಾರಿ ಮೊಹರಿಲ್ಲದ ಸಾಗವಾನಿ ಮರದ ಗಾಡಿಗಳನ್ನು ಹೆಗಡೆ ಕದ್ದು ದಾಟಿಸುವುದನ್ನು ಕರೀಂ ಕಂಡಿದ್ದ. ದೊರೆಗೆ ಹೇಳುತ್ತೇನೆಂದೂ ಅಂದಿದ್ದ. ವಿಷ ಹಾಕಿದವನೆಂದು ಜೈಲಿಗೆ ಹೋದ ಅಡುಗೆಯವನ ಮಾತು ಯಾರು ನಂಬುತ್ತಾರೆ?

ಒಂದು ಸಂಸಾರ ಬೀದಿಗೆ ಬೀಳಿಸಲು ಹೆಗಡೆ ಹೇಸಲಿಲ್ಲ. ನಾಲ್ಕು ಹನಿ ಬಿಯರಿಗೆ ಹೇಸಿದ. ಜೊಹರಾಳಿಗೆ ಇಲಿಗಿಂತ ಅದೇ ಹೆಚ್ಚು ವಾಕರಿಕೆ ತಂದಿತು.

* * *

ಸಂಜೆ ದೊರೆ ಲಿಂಬೆ ಶರಬತ್ತು ಹೀರುತ್ತ ಕರೀಮನನ್ನು ಕರೆದರು. "ಜಾಡಿ ತೊಳಿ. ಸೋಮವಾರ ಹೊಸ ಬಿಯರ್ ಹಾಕು."

ಅಷ್ಟೇ. ತಪ್ಪಾಯಿತೆಂಬ ಒಂದು ಮಾತಿಲ್ಲ.

ಕರೀಂ ಮನೆಗೆ ಬಂದು ಕೈಯನ್ನು ಉಜ್ಜಿ ಉಜ್ಜಿ ತೊಳೆದ. "ನಾವು ಬಾಯಿಗೆ ಹಚ್ಚದ್ದನ್ನ ಈ ಕೈ ಎಷ್ಟು ವರ್ಷ ಕಲಕಬೇಕು ಜೊಹರಾ?"

ಅವಳು ಪೆಟ್ಟಿಗೆಯಿಂದ ಒಂದು ಲಕೋಟೆ ತೆಗೆದಳು. ಶಿರಸಿಯಲ್ಲಿ ಮೋಟಾರು ಓಡಿಸುವ ಅವಳ ಅಣ್ಣ ಗನಿ, ಕೆಲಸಕ್ಕೆ ಬಾ ಎಂದು ಕರೆದು ವರ್ಷವಾಗಿತ್ತು. ಬರುತ್ತೇನೆ ಎಂದು ಕರೀಂ ಅಂದೇ ಬರೆದಿಟ್ಟ ಕಾಗದ ಅದು. ದೊರೆಯ ನೌಕರಿ ಬಿಡುವ ಧೈರ್ಯ ಮಾತ್ರ ಬಂದಿರಲಿಲ್ಲ.

"ಇವತ್ತಾದರೂ ಹಾಕಿ ಬನ್ನಿ."

ಕರೀಂ ಒದ್ದೆ ಕೈ ಒರೆಸಿಕೊಂಡ. ಕತ್ತಲಾಗುವ ಮೊದಲೇ ಟಪಾಲು ಪೆಟ್ಟಿಗೆಗೆ ಹೋಗಿ ಲಕೋಟೆ ಹಾಕಿದ.