ದೊಡ್ಡಕ್ಕನ ಹಾಗೇ ಆಗಬೇಕೆಂದವಳು

"ಇನ್ನೊಂದ್ಸಲ ನಡೀರಿ."

ದನಿ ಮೇಲಿನಿಂದ ಬಂತು. ಅವಳು ಗಕ್ಕನೆ ನಿಂತಳು!

ಸೋಮವಾರದ ಮಧ್ಯಾಹ್ನ. ರಂಗಮಂದಿರಕ್ಕೆ ರಜೆ. ಖಾಲಿ ಕುರ್ಚಿಗಳು, ತಣ್ಣನೆಯ ಕತ್ತಲು, ಮರದ ಹಲಗೆಯ ವೇದಿಕೆ... ಯಾರೂ ಇಲ್ಲವೆಂದುಕೊಂಡೇ ಅವಳು ನಡೆಯುತ್ತಿದ್ದಳು. ಸುಮ್ಮನೆ ನಡೆಯುವುದಲ್ಲ. ಕೊರಳಿಗೆ ಅಳತೆ ಟೇಪು, ಎರಡೂ ಕೈ ಬೆನ್ನ ಹಿಂದೆ, ಗದ್ದ ತುಸು ಮೇಲೆ. ಉಡುಪಿನ ಕೋಣೆಯ ದೊಡ್ಡಕ್ಕ ಹೇಗೆ ನಡೆಯುತ್ತಾರೋ ಥೇಟ್ ಹಾಗೆ.

ಅಷ್ಟರಲ್ಲಿ ಜೇನಿನ ಬಣ್ಣದ ಬೆಳಕೊಂದು ಅವಳ ಮೇಲೆ ಬಿದ್ದಿತ್ತು.

"ಯಾರದು?"

"ಹೆದರ್ಬೇಡಿ. ಹೊಸದಾಗಿ ಬಂದ ಲೈಟಿನವನು. ದೀಪ ಸರಿಯಾಗಿ ಬೀಳತ್ತಾ ಅಂತ ನೋಡ್ತಿದ್ದೆ." ಮೇಲೆ ದೀಪಗಳಿದ್ದ ಅಟ್ಟದಿಂದ ಒಂದು ಮುಖ ಇಣುಕಿತು. "ಒಂದು ಕೇಳ್ಲಾ? ಚಪ್ಪಲಿ ನಿಮ್ಮದೇ. ನಡಿಗೆ ಯಾರದು?"

ಅವಳಿಗೆ ಮೈಯೆಲ್ಲ ಉರಿಯಿತು. ಸಿಕ್ಕಿಬಿದ್ದ ನಾಚಿಕೆ ಒಂದು ಕಡೆ, ಆ ದನಿಯಲ್ಲಿದ್ದ ನಗು ಇನ್ನೊಂದು ಕಡೆ.

"ಅದೆಲ್ಲ ನಿಮಗ್ಯಾಕ್ರೀ?" ಎಂದವಳೇ ಓಟ ಕಿತ್ತಳು. ಆದರೆ ಆ ಬೆಳಕಿನ ಬಿಸುಪು ಸಂಜೆಯವರೆಗೂ ಅವಳ ಭುಜದ ಮೇಲೆ ಕೂತೇ ಇತ್ತು...

ಉಡುಪಿನ ಕೋಣೆಯವರೆಲ್ಲ ಅವಳನ್ನು ಕರೆಯುತ್ತಿದ್ದುದು ಗಿಣಿ ಎಂದು. ಕರೆಯದೆ ಇನ್ನೇನು? ಟಿಕೆಟ್ ಕೌಂಟರಿನಲ್ಲಿ ದಿನವಿಡೀ ಗಂಟಲು ಹರಿದುಕೊಳ್ಳುವ ಅವಳ ಅಮ್ಮ ಕೆಲಸಕ್ಕೆ ಸೇರಿಸುವಾಗಲೇ ಹೇಳಿದ್ದಳು, "ನೋಡು ಮಗಳೇ, ಮೇಲೆ ಬರ್ಬೇಕು ಅಂದ್ರೆ ಕಣ್ಣೆದುರಿಗೆ ಒಬ್ಬರು ದೊಡ್ಡವರು ಇರ್ಬೇಕು. ಅವರ ಹಾಗೆ ಆಗು." ಮಗಳು ದೊಡ್ಡಕ್ಕನನ್ನು ಆರಿಸಿಕೊಂಡಳು. ಆರಿಸಿಕೊಂಡದ್ದೇನೋ ಸರಿ. ರಾಜನ ಅಂಗಿಯಿಂದ ಭಿಕ್ಷುಕನ ಚಿಂದಿಯವರೆಗೆ ಕಣ್ಣಳತೆಯಲ್ಲೇ ಕತ್ತರಿಸುವ ಕೈ ಅದು. ಆದರೆ ನಮ್ಮ ಹುಡುಗಿಗೆ ಅರ್ಧಂಬರ್ಧ ಎಂಬುದೇ ಗೊತ್ತಿಲ್ಲ ನೋಡಿ!

ದೊಡ್ಡಕ್ಕ ಕಿರುಬೆರಳು ಎತ್ತಿ ಕತ್ತರಿ ಹಿಡಿಯುತ್ತಾರೆ, ಇವಳದೂ ಮೇಲೆದ್ದಿತು. ದೊಡ್ಡಕ್ಕ ಚಹಾ ಮುಟ್ಟುವುದಿಲ್ಲ, ಇವಳೂ ಬಿಸಿನೀರು ಕುಡಿದು ಮುಖ ಕಿವುಚಿದಳು. ದೊಡ್ಡಕ್ಕ ಯಾರಿಗೂ ಯಾವುದಕ್ಕೂ ಕಾರಣ ಹೇಳುವುದಿಲ್ಲ, ಇವಳೂ ತುಟಿ ಹೊಲಿದುಕೊಂಡಳು. ಮತ್ತೆ, ದೊಡ್ಡಕ್ಕ ಒಂಟಿ. ಕೆಲಸಕ್ಕಾಗಿ ಮದುವೆಯನ್ನೇ ಬಿಟ್ಟವರು ಎಂದು ಎಲ್ಲರೂ ಗೌರವದಿಂದ ಪಿಸುಗುಟ್ಟುತ್ತಿದ್ದರು.

'ನಾನೂ ಅಷ್ಟೇ,' ಎಂದುಕೊಂಡಿದ್ದಳು ಗಿಣಿ.

ಹಾಗೆಂದುಕೊಂಡದ್ದು ಲೈಟಿನವನು ಬರುವುದಕ್ಕೆ ಮುಂಚೆ.

ಅಲ್ಲಿ ಒಂದು ಪದ್ಧತಿ ಇತ್ತು. ಯಾವ ಹೊಸ ಬಟ್ಟೆಯನ್ನೂ ದೀಪಕ್ಕೆ ಹಿಡಿದು ನೋಡದೆ ಹೊಲಿಯುವಂತಿಲ್ಲ. ಕೋಣೆಯಲ್ಲಿ ಕೆಂಪಗಿದ್ದದ್ದು ನೀಲಿ ಬೆಳಕಿಗೆ ಕೊಚ್ಚೆಯ ಬಣ್ಣಕ್ಕೆ ತಿರುಗುತ್ತದೆ. ಅದಕ್ಕೇ ಸೋಮವಾರ ಸೋಮವಾರ ಗಿಣಿ ಬಟ್ಟೆಗಳನ್ನು ಹೊತ್ತು ವೇದಿಕೆಗೆ ಹೋಗಿ, ಒಂದೊಂದೇ ಹೊದ್ದು ನಿಲ್ಲಬೇಕು. ಮೇಲಿನಿಂದ ಅವನು ಬೆಳಕು ಚೆಲ್ಲಬೇಕು.

ಅವನು ಮುಂಜಾವು ಮಾಡುತ್ತಿದ್ದ. ಮುಸ್ಸಂಜೆ ಮಾಡುತ್ತಿದ್ದ. ನಡು ಮಧ್ಯಾಹ್ನದಲ್ಲಿ ಬೆಳದಿಂಗಳು ಹರಿಸುತ್ತಿದ್ದ. ಬೂದುಬಣ್ಣದ ರೇಷ್ಮೆ ಹೊದ್ದು ನಿಂತವಳಿಗೆ ತಾನು ಎಲ್ಲಿದ್ದೇನೆಂಬುದೇ ಮರೆತುಹೋಗುತ್ತಿತ್ತು...

"ಈ ನೀಲಿ ಹೇಗಿದೆ?"

"ತಣ್ಣಗಿದೆ."

"ಇದು?"

"ಇದು... ಯಾರೋ ಕಾಯ್ತಿರೋ ಹಾಗಿದೆ."

"ಹೌದು," ಎನ್ನುತ್ತಿದ್ದ ಅವನು ಮೆಲ್ಲಗೆ. "ಕಾಯ್ತಿದಾರೆ."

ಇಡೀ ರಂಗಮಂದಿರ ಅವನನ್ನು ಲೈಟಣ್ಣ ಎನ್ನುತ್ತಿತ್ತು. ಇವಳ ಬಾಯಲ್ಲಿ ಆ 'ಅಣ್ಣ' ಮಾತ್ರ ಹೊರಡಲೇ ಇಲ್ಲ. "ರೀ" ಎನ್ನುತ್ತಿದ್ದಳು. ಹೊಲಿಗೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮುಸಿಮುಸಿ ನಗುತ್ತಿದ್ದರು.

ಒಂದು ಸೋಮವಾರ ಅವನು ದೀಪಗಳನ್ನು ಹಾಗೆಯೇ ಬಿಟ್ಟು ಕೆಳಗಿಳಿದು ಬಂದ. ಬಂದವನಿಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

"ಇವತ್ತು ನಾನು ಬಟ್ಟೆ ನೋಡ್ಲೇ ಇಲ್ಲ. ನಿಜ ಹೇಳ್ಬೇಕು ಅಂದ್ರೆ ಹೋದ ವಾರಾನೂ ನೋಡಿಲ್ಲ. ನಿಮ್ಮನ್ನೇ ನೋಡ್ತಿದ್ದೆ." ಒಂದು ಹೆಜ್ಜೆ ಮುಂದೆ ಬಂದ. "ನನ್ನ ಮದುವೆ ಆಗ್ತೀರಾ?"

ಹೂಂ! ಅವಳ ಒಳಗೆಲ್ಲ ಹೂಂ ಎಂದಿತು. ಸಂತೋಷಕ್ಕೆ ಕಣ್ಣೇ ಮಂಜಾಯಿತು.

ಆದರೆ ಗದ್ದ ತಾನಾಗಿ ಮೇಲೆದ್ದಿತು. ಕೈಗಳು ಬೆನ್ನ ಹಿಂದೆ ಹೋದವು.

"ನನಗೆ ಕೆಲಸ ಮುಖ್ಯ. ಇಂಥದ್ದಕ್ಕೆಲ್ಲ ಬಿಡುವಿಲ್ಲ."

ಅವನ ಮುಖ ಬಿಳಿಚಿಕೊಂಡಿತು. ಬಿಸಿ ದೀಪಗಳು ಸುಟ್ಟ ಕಲೆಗಳಿದ್ದ ತನ್ನ ಅಂಗೈಯನ್ನೊಮ್ಮೆ ನೋಡಿಕೊಂಡ. "ಸರಿ. ಇಂಥ ಕೈ ಇಟ್ಕೊಂಡು ನಾನು ಕೇಳಬಾರದಿತ್ತು."

'ಅಯ್ಯೋ, ಅದಕ್ಕಲ್ಲ!' ಎಂದು ಕೂಗಬೇಕೆನಿಸಿತು. ಆದರೆ ದೊಡ್ಡಕ್ಕ ಕಾರಣ ಹೇಳುವವರಲ್ಲವಲ್ಲ. ಇವಳೂ ಹೇಳಲಿಲ್ಲ.

ಆಮೇಲೂ ಸೋಮವಾರಗಳು ಬಂದವು. ಅವನೂ ಬಂದ. "ಮೇಡಂ, ಸ್ವಲ್ಪ ಬಲಕ್ಕೆ. ಸಾಕು ಮೇಡಂ." ಅಷ್ಟೇ ಮಾತು. ಬೆಳಕು ಮಾತ್ರ ಮುಂಚಿನಷ್ಟೇ ಮೃದುವಾಗಿ ಅವಳ ಮೇಲೆ ಇಳಿಯುತ್ತಿತ್ತು, ಅದನ್ನು ತಡೆದುಕೊಳ್ಳುವುದೇ ಅವಳಿಗೆ ಕಷ್ಟವಾಗುತ್ತಿತ್ತು. ಮನೆಗೆ ಹೋದರೆ ಅನ್ನ ಸೇರದು. "ಯಾಕೆ ಹೀಗೆ ಸೊರಗ್ತಿದೀಯ?" ಎಂದು ಅಮ್ಮ ಕೇಳಿದರೆ, "ಕೆಲಸ ಜಾಸ್ತಿ" ಎನ್ನುತ್ತಿದ್ದಳು.

ಮನಸ್ಸು ಎಲ್ಲೋ, ಕತ್ತರಿ ಎಲ್ಲೋ. ರಾಣಿಯ ಉಡುಪಿಗೆ ತಂದ ಮಖಮಲ್ಲನ್ನು ಕತ್ತರಿಸಿ ಎತ್ತಿ ನೋಡುತ್ತಾಳೆ, ಎರಡೂ ಎಡತೋಳು! ಬಲತೋಳಿಗೆ ಬಟ್ಟೆಯೇ ಇಲ್ಲ.

ಅವಳು ಮೇಜಿಗೆ ತಲೆಯಾನಿಸಿ ಅತ್ತುಬಿಟ್ಟಳು.

ಊಟದ ಹೊತ್ತು. ಎಲ್ಲರೂ ಹೊರಗೆ ಹೋಗಿದ್ದರು. ದೊಡ್ಡಕ್ಕ ಬಂದು ತೋಳುಗಳನ್ನು ನೋಡಿದರು, ಹುಡುಗಿಯನ್ನು ನೋಡಿದರು. "ರಾಣಿ ಹೆಗಲಿಗೊಂದು ಶಾಲು ಹೊದಿಸಿದ್ರಾಯ್ತು. ಬಲಗೈ ಯಾರು ನೋಡ್ತಾರೆ? ಏಳು." ಆಮೇಲೆ ಅವಳ ಕೈ ಹಿಡಿದು ಹುಬ್ಬು ಗಂಟಿಕ್ಕಿದರು. "ಕಿರುಬೆರಳು ಯಾಕೆ ಊದಿದೆ?"

"ಎತ್ತಿ ಹಿಡಿದು ಹಿಡಿದು... ನೀವು ಕತ್ತರಿ ಹಿಡಿಯೋ ಹಾಗೇ ಹಿಡೀತೀನಿ ದೊಡ್ಡಕ್ಕ."

ದೊಡ್ಡಕ್ಕ ಬಾಯಿ ಬಿಟ್ಟುಕೊಂಡು ನೋಡಿದರು. ಆಮೇಲೆ ನಕ್ಕರು. ಅವರು ಅಷ್ಟು ನಕ್ಕದ್ದನ್ನು ಆ ಗೋಡೆಗಳೂ ಕಂಡಿರಲಿಲ್ಲ.

"ಅಯ್ಯೋ ಹುಚ್ಚಿ! ಇದು ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕಿ ಜಜ್ಜಿಹೋಗಿದ್ದು ಕಣೆ. ಮಡಚೋಕೆ ಬರಲ್ಲ. ಬಂದಿದ್ರೆ ಇನ್ನೂ ಚೆನ್ನಾಗಿ ಕತ್ತರಿಸ್ತಿದ್ದೆ."

"ಮತ್ತೆ... ಬಿಸಿನೀರು?"

"ಗ್ಯಾಸ್ಟ್ರಿಕ್ಕು. ಚಹಾ ಅಂದ್ರೆ ಜೀವ ಬಿಡ್ತೀನಿ, ಕುಡಿಯೋ ಹಾಗಿಲ್ಲ."

ಅವಳು ಕಣ್ಣೊರೆಸಿಕೊಂಡು ಕೇಳಿದಳು, "ಮದುವೆ? ಕೆಲಸಕ್ಕೋಸ್ಕರ ಬಿಟ್ರಿ ಅಂತಾರೆ..."

ದೊಡ್ಡಕ್ಕನ ನಗು ನಿಂತಿತು. ಮಖಮಲ್ಲಿನ ತುಂಡೊಂದನ್ನು ಎತ್ತಿಕೊಂಡು ಸುಮ್ಮನೆ ಸವರಿದರು.

"ಯಾರೂ ಕೇಳ್ಲಿಲ್ಲ ಕಣೆ. ಅಷ್ಟೇ. ಕೆಲಸಕ್ಕೋಸ್ಕರ ಬಿಟ್ಟಳು ಅಂತ ಜನ ಅಂದ್ರು. ಅದರಲ್ಲಿ ಮರ್ಯಾದೆ ಇತ್ತು, ನಾನೂ ಸುಮ್ನಿದ್ದೆ. ಒಬ್ಬರು ಕೇಳಿದ್ರೂ ಹೂಂ ಅಂತಿದ್ದೆ. ಕತ್ತರಿ ಕೈಯಲ್ಲಿ ಇಟ್ಕೊಂಡೇ ಹೂಂ ಅಂತಿದ್ದೆ."

ಗಿಣಿಯ ಕಣ್ಣು ತಾನಾಗಿ ವೇದಿಕೆಯ ಕಡೆ ಹೊರಳಿತು.

"ನಿನ್ನ ಕೇಳಿದ್ನಾ ಅವನು?"

"ಅವನು ಅಂದ್ರೆ..."

"ನನಗೇನು ಕಣ್ಣಿಲ್ವಾ? ಏನಂದೆ?"

"ನೀವಾಗಿದ್ರೆ ಏನಂತಿದ್ರೋ ಅದನ್ನೇ ಅಂದೆ ದೊಡ್ಡಕ್ಕ."

ದೊಡ್ಡಕ್ಕ ತಲೆಮೇಲೆ ಕೈ ಹೊತ್ತು ಕೂತರು.

"ಒಬ್ಬರನ್ನೇ ಮೀನಿನ ಹಾಗೆ ಇಡಿಯಾಗಿ ನುಂಗಬಾರದು ಕಣೆ, ಮುಳ್ಳೂ ಒಳಗೆ ಹೋಗತ್ತೆ. ಕತ್ತರಿಗೆ ನನ್ನ ನೋಡು. ಬಾಯಿಬಿಟ್ಟು ಮಾತಾಡೋದಕ್ಕೆ ನಿಮ್ಮಮ್ಮನ್ನ ನೋಡು. ಧೈರ್ಯಕ್ಕೆ ಅವನನ್ನ ನೋಡು. ಬೇಡ ಅನ್ನಿಸ್ಕೊಂಡೂ ಒಂದು ಸೋಮವಾರ ತಪ್ಪಿಸ್ಲಿಲ್ಲ. ಯಾರಿಗಿದೆ ಅಷ್ಟು ಗುಂಡಿಗೆ? ಹೋಗು."

ಅವಳು ಹೋದಳು. ಗದ್ದ ಎಲ್ಲಿದೆ, ಕೈ ಎಲ್ಲಿದೆ ಎಂಬ ಖಬರೂ ಇರಲಿಲ್ಲ.

ಅವನು ವೇದಿಕೆಯ ಪಕ್ಕದಲ್ಲಿ ಏಣಿ ಹತ್ತಿ ಬಲ್ಬು ಬದಲಿಸುತ್ತಿದ್ದ. ಅವಳು ಏಣಿಯ ಬುಡದಲ್ಲಿ ನಿಂತು ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡಳು.

"ರೀ!"

"ಏನು ಮೇಡಂ?"

"ಮೇಡಂ ಅನ್ಬೇಡಿ. ನಾನು ಹೇಳೋದನ್ನ ಕೇಳಿ." ಅವಳ ದನಿ ಖಾಲಿ ಕುರ್ಚಿಗಳ ತುದಿಯವರೆಗೂ ಹೋಗಿ ಮುಟ್ಟಿತು. "ನಿಮ್ಮ ಕೈ ನೋಡಿ ನಾನು ಬೇಡ ಅನ್ಲಿಲ್ಲ. ಆ ಕೈ ಅಂದ್ರೆ ನನಗೆ ಇಷ್ಟ. ದೊಡ್ಡಕ್ಕ ಆಗೋಕೆ ಹೋಗಿ ನಿಮಗೆ ನೋವು ಮಾಡಿದೆ. ದಿನಾ ಅಳ್ತಿದೀನಿ."

ಅವನು ಬಲ್ಬನ್ನು ಎದೆಗೊತ್ತಿಕೊಂಡು ಹಾಗೇ ನಿಂತುಬಿಟ್ಟ.

"ನನಗೆ ಕೆಲಸಾನೂ ಬೇಕು, ನೀವೂ ಬೇಕು. ಎರಡೂ ಬೇಕು ಅಂದವರನ್ನ ನಾನು ಹತ್ತಿರದಿಂದ ನೋಡೇ ಇಲ್ಲ. ಹೇಗೆ ಬದುಕ್ಬೇಕು ಅಂತ ನನಗೆ ಗೊತ್ತಿಲ್ಲ. ಆದ್ರೂ ಕೇಳ್ತಿದೀನಿ. ನನ್ನ ಮದುವೆ ಆಗ್ತೀರಾ?"

ಅವನ ಕಣ್ಣು ತುಂಬಿಬಂತು.

"ನನಗೂ ಗೊತ್ತಿಲ್ಲ. ನೋಡಿ ಕಲಿಯೋಕೆ ಯಾರೂ ಇಲ್ಲ ಅಂದ್ರೆ... ಮಾಡಿ ತಿಳ್ಕೊಳ್ಳೋಣ ಬಿಡಿ."

"ತಪ್ಪಾದ್ರೆ?"

"ಬಿಚ್ಚಿ ಹೊಲಿಯೋದು ನಿಮಗೆ ಬರತ್ತಲ್ಲ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. "ಹಾಗಾದ್ರೆ ಹೂಂ ಅನ್ನಿ."

"ಹೂಂ."

"ಜೋರಾಗಿ."

"ಹೂಂ ಅಂದೆನಲ್ಲ. ಏಣಿ ಬಿಡೇ, ಕೆಳಗಿಳೀಬೇಕು ನಾನು."

ಮೊದಲ ಸಲ ಅವನ ಬಾಯಲ್ಲಿ 'ನೀವು' ಹೋಗಿ 'ನೀನು' ಬಂದಿತ್ತು. ಅವಳು ಏಣಿ ಬಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು, ಅವನು ಇಳಿಯುವುದನ್ನೇ ನೋಡುತ್ತ ನಿಂತಳು.