ಸಂಗ್ರಹಾಲಯದ ಹೊಸ ಕುಂಚಿಗೆ

೧೯೩೪ರ ಜನವರಿ ೧೬, ಬೆಳಿಗ್ಗೆ ಹತ್ತೂವರೆ. ಪುಣೆಯ ಠಾಣೆಗೆ ವಸ್ತುಸಂಗ್ರಹಾಲಯದ ಮೇಲ್ವಿಚಾರಕ ಕೃಷ್ಣಾಜಿ ಫಿರ್ಯಾದಿ ತಂದ. ಗಾಜಿನ ಕಪಾಟಿನಲ್ಲಿದ್ದ, ಎಳೆಗೂಸಿನ ತಲೆಗೆ ಕಟ್ಟುವ ಕಸೂತಿ ಕುಂಚಿಗೆ ಕಳುವಾಗಿದೆ. ಅದರ ಜಾಗದಲ್ಲಿ ಥೇಟ್ ಅಂಥದೇ ಹೊಸದೊಂದು ಕೂತಿದೆ.

ಹಳೆಯದನ್ನು ಒಯ್ದು ಹೊಸದನ್ನು ಇಟ್ಟುಹೋಗುವ ಕಳ್ಳನನ್ನು ಫೌಜದಾರ ಸಿದ್ದಲಿಂಗಪ್ಪ ಇಪ್ಪತ್ತು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ. ಆದರೂ ಎಫ್‌ಐಆರ್ ಬರೆದುಕೊಂಡರು. ಸರಕಾರಿ ಕಾಗದದಲ್ಲಿ ಆಶ್ಚರ್ಯಕ್ಕೆ ಜಾಗವಿಲ್ಲ. ಮಾತು ಮರಾಠಿಯಲ್ಲಿ ನಡೆಯಿತು.

“ಬದಲಾದದ್ದು ಹೇಗೆ ತಿಳಿಯಿತು?”

“ಹಳೆಯದರ ನೆತ್ತಿಗೆ ಎಣ್ಣೆಜಿಡ್ಡು ಇತ್ತು.”

“ಕಪಾಟು ಯಾವಾಗ ತೆಗೆದಿದ್ದಿರಿ?”

“ಶನಿವಾರ. ಕನ್ನಡ ಶಾಲೆಯ ಮಕ್ಕಳು ಬಂದಿದ್ದರು. ಮುಟ್ಟಿ ನೋಡಲೆಂದು ಕೈಗೆ ಕೊಟ್ಟೆ. ಆಮೇಲೆ ಅವರಿಗೆ ಉಗಿಯಂತ್ರ ತಿರುಗಿಸಿ ತೋರಿಸಿದೆ. ಕುಂಚಿಗೆಯನ್ನು ಅವರ ಟೀಚರೇ ಒಳಗಿಟ್ಟರು.”

ಮಧ್ಯಾಹ್ನ ಒಂದಕ್ಕೆ ಫೌಜದಾರರು ಸಂಗ್ರಹಾಲಯದ ದಾನದ ಪುಸ್ತಕ ತೆರೆಸಿದರು. ಕುಂಚಿಗೆ ಕೊಟ್ಟವನು ಗೂಳಪ್ಪ, ಕಾರಕೂನ, ರವಿವಾರ ಪೇಟೆ. ಶಾಲೆಯಲ್ಲಿ ವಿಚಾರಿಸಿದರೆ ಟೀಚರ್ ಚನ್ನಬಸವ್ವ ಅವನ ಹೆಂಡತಿಯೇ.

ಮೂರೂವರೆಗೆ ಸಾಕ್ಷಿಗೆ ಇಬ್ಬರು ಪಂಚರೊಂದಿಗೆ ಅವರ ಮನೆಗೆ ಹೋದರು. ಆಕೆ ತಾನಾಗಿಯೇ ಟ್ರಂಕು ತೆರೆದು ಕುಂಚಿಗೆ ತಂದುಕೊಟ್ಟಳು. ಅಳಲಿಲ್ಲ.

“ಯಾರದ್ರೀ ಇದು, ಅಕ್ಕಾರ?”

“ನಮ್ಮ ಅಂಬಾಂದು. ಎಂಟು ತಿಂಗಳಿನ್ಯಾಗ ಹೋತು. ತೀರಿದ ಕೂಸಿನ ಅರಿವಿ ಮನ್ಯಾಗ ಇಡಬಾರದಂತ ಹಿರ್ಯಾರು ಅಂದ್ರು. ಹೊಳಿಗೆ ಬಿಡಾಕ ನಾ ಬಿಡಲಿಲ್ಲ. ಇವ್ರು ಅಲ್ಲಿ ಕೊಟ್ಟು ಬಂದ್ರು.”

“ವಾಪಸ್ ಕೇಳಬೇಕಿತ್ತು.”

“ಕೇಳಿದ್ನಿರಿ. ದಾನ ಕೊಟ್ಟದ್ದು ಬರೂದಿಲ್ಲಂದ್ರು. ಇರಲಿ, ಮಕ್ಕಳನ್ನ ಕರಕೊಂಡು ಹೋದಾಗ ನೋಡತಿದ್ದೆ.”

“ಮತ್ತ ಈಗ್ಯಾಕ?”

“ಹೋದ ತಿಂಗಳು ಮೇಲ್ವಿಚಾರಕರು ಮಕ್ಕಳ ಮುಂದ ಅಂದ್ರು, ಇದು ಹೊಲಸಾಗೇದ, ಸಂಕ್ರಾಂತಿ ಆದಮ್ಯಾಲ ಅಗಸರಿಗೆ ಹಾಕೂದು ಅಂತ.” ಆಕೆ ನೆತ್ತಿಯ ಜಿಡ್ಡು ಮುಟ್ಟಿದಳು. “ನಾ ತಿಕ್ಕಿದ ಎಣ್ಣಿರಿ ಇದು. ಹೊಸಾದು ಹೊಲಿದಿಟ್ಟೆ. ಅವರಿಗೇನೂ ಲುಕ್ಸಾನ ಆಗಬಾರದಲ್ರಿ.”

ಫೌಜದಾರರು ಪಂಚನಾಮೆ ಬರೆದರು. ಕುಂಚಿಗೆಯನ್ನು ಕಾಗದದಲ್ಲಿ ಸುತ್ತಿ ಅರಗಿನ ಮುದ್ರೆ ಒತ್ತಿದರು.

“ಈಗ ಒಗೀತಾರೇನ್ರಿ?”

“ಇಲ್ಲ. ಇದು ಪುರಾವೆ. ಖಟ್ಲೆ ಮುಗಿಯೂತನಾ ಯಾರೂ ಒಂದ ಎಳಿ ಸೈತ ಮುಟ್ಟಂಗಿಲ್ಲ.”

ನಾಲ್ಕೂ ಹತ್ತಕ್ಕೆ ಆಕೆಯನ್ನು ದಸ್ತಗಿರಿ ಮಾಡಿದರು. ಮೆಟ್ಟಿಲಿಳಿಯುವಾಗ ಆಕೆ ತಿರುಗಿ ನಿಂತಳು.

“ಸಾಹೇಬ್ರ, ಹಂಗಾದ್ರ ಖಟ್ಲೆ ಲಗೂ ಮುಗಸಬ್ಯಾಡ್ರಿ.”