ಹನ್ನೆರಡನೆಯ ಸಾಲು

ಹೊಳೆಯಾಚೆ ಒಂದೂರು, ಆ ಊರಿಗೊಬ್ಬಳು ಗುರುಸಿದ್ದಮ್ಮ. ಹುಣಸೆಹಣ್ಣಿನ ಬುಟ್ಟಿಯ ತಳದಲ್ಲಿ ಬಾವುಟ ಬಚ್ಚಿಟ್ಟುಕೊಂಡು, ಪೊಲೀಸರ ಕಣ್ಣೆದುರೇ ನಡೆದು, ಕೋಟೆ ಬಯಲಿನ ವೀರಗಲ್ಲುಗಳ ನಡುವೆ ಅದನ್ನು ಹಾರಿಸಿಬಿಟ್ಟಳಂತೆ. ಲಾಠಿ ಏಟಿಗೆ ಬಿದ್ದವಳು ಮತ್ತೆ ಏಳಲೇ ಇಲ್ಲವಂತೆ.

ಈ ಕಥೆಯನ್ನು ಶಾಂತಕುಮಾರಿ ಅಜ್ಜಿಯ ತೊಡೆಯ ಮೇಲೆ ಮಲಗಿ ನೂರು ಸಲ ಕೇಳಿದ್ದಳು. ಗುರುಸಿದ್ದಮ್ಮ ಅಜ್ಜಿಯ ಸ್ವಂತ ತಂಗಿ, ಆ ಊರು ತಮ್ಮದೇ ಎಂದು ತಿಳಿದದ್ದು ದೊಡ್ಡವಳಾದ ಮೇಲೆ.

ಸ್ವಾತಂತ್ರ್ಯ ಬಂದು ಹತ್ತು ವರ್ಷವಾಯಿತೆಂದು ಅದೇ ಬಯಲಲ್ಲಿ ಸ್ಮಾರಕದ ಕಲ್ಲು ನಿಂತಾಗ ಅಜ್ಜಿ ಅವಳ ಕೈ ಹಿಡಿದರು. "ನನ್ ತಂಗಿ ಎಸ್ರು ಆ ಕಲ್ಮೇಲೆ ಇರ್ಬೇಕು ಕಣವ್ವ."

"ಇರ್ತದೆ ಅಜ್ಜಿ," ಎಂದು ಶಾಂತಕುಮಾರಿ ಮಾತು ಕೊಟ್ಟಳು.

ಹೆಸರು ಕೆತ್ತಲು ಚನ್ನರಾಯಪಟ್ಟಣದ ಕಡೆಯಿಂದ ಷಡಕ್ಷರಿ ಬಂದ. ಅವನಿಗೆ ಓದು ಬಾರದು. ಹಾಗಾಗಿ ಊರ ಸ್ಕೂಲಿನ ಟೀಚರು ಶಾಂತಕುಮಾರಿ ದಿನಾ ಸಂಜೆ ಕಲ್ಲಿನ ಮೇಲೆ ಕಾವಿಯಲ್ಲಿ ಒಂದು ಹೆಸರು ಬರೆಯುವಳು. ಮರುದಿನ ಅವನ ಉಳಿ ಆ ಗೆರೆಯ ಹಿಂದೆಯೇ ನಡೆಯುವುದು.

"ಹೆಸರು ಷಡಕ್ಷರಿ. ಒಂದಕ್ಷರಾನೂ ಬರಲ್ವಾ?"

"ನಿಮ್ಮಕ್ಷರ ಇದ್ರೆ ಸಾಕು ಬುಡಿ, ಟೀಚರಮ್ಮ."

ಕಲ್ಲಿನ ಧೂಳು ಕೂತ ರೆಪ್ಪೆಗಳ ಅಡಿಯಲ್ಲಿ ಅವನ ಕಣ್ಣು ನಕ್ಕಿತು. ಅವಳು ಕಾವಿಯ ಕಡ್ಡಿಯನ್ನು ನೀರಿನ ಬದಲು ಅವನ ಮಜ್ಜಿಗೆ ಲೋಟದಲ್ಲಿ ಅದ್ದಿದಳು.

ಹನ್ನೊಂದನೆಯ ಹೆಸರು ಮುಗಿದ ಸಂಜೆ ಸ್ಮಾರಕ ಸಮಿತಿಯ ರುದ್ರಯ್ಯ ಬಂದರು. "ಜೈಲಿಗೋದೋರು ಅನ್ನೊಂದು ಜನ. ಅಲ್ಲಿಗೆ ಮುಗೀತು."

"ನಮ್ಮ ಗುರುಸಿದ್ದಮ್ಮಜ್ಜಿ?"

"ಆಯಮ್ಮ ಜೈಲಿಗೋಗ್ಲಿಲ್ವಲ್ಲವ್ವ."

"ಸತ್ತೋರು ಜೈಲಿಗೆ ಹೆಂಗೆ ಹೋಗ್ತಾರೆ, ರುದ್ರಯ್ಯನೋರೆ?"

ಅವರು ನೆಲ ನೋಡಿದರು. "ನಂಗೂ ಗೊತ್ತದೆ. ಮೇಲಿಂದ ಬಂದ ಪಟ್ಟಿ, ನಾನೇನ್ ಮಾಡ್ಲಿ."

ಮರುದಿನ ಭಾನುವಾರ. ಬೆಳಿಗ್ಗೆಯೇ ಬಂದ ಷಡಕ್ಷರಿಗೆ ಕಲ್ಲಿನ ಮೇಲೆ ಹಸಿ ಕಾವಿಯ ಹೊಸ ಸಾಲು ಕಂಡಿತು. ಪಕ್ಕದಲ್ಲಿ ಶಾಂತಕುಮಾರಿ.

"ಇದು ಪಟ್ಟೀಲಿಲ್ಲ."

"ಓದಕ್ಕೆ ಬರಲ್ಲ ಅಂದಿದ್ರಿ?"

"ಎಣ್ಸಕ್ ಬತ್ತದೆ. ಪಟ್ಟೀಲಿರೋದು ಅನ್ನೊಂದು, ಇದು ಅನ್ನೆರಡ್ನೇದು."

ಅವಳು ಎಲ್ಲವನ್ನೂ ಹೇಳಿದಳು. ಹೇಳಿದ ಮೇಲೆ ಭಯವಾಯಿತು. "ಕೆತ್ತಿದ್ರೆ ಈ ಸೀಮೇಲಿ ನಿಮಗೆ ಯಾರೂ ಕೆಲಸ ಕೊಡಲ್ಲ. ಒರೆಸಿಬಿಡ್ತೀನಿ." ಸೆರಗು ಕಲ್ಲಿನ ಹತ್ತಿರ ಹೋಯಿತು. ಅವನು ಸೆರಗಿನ ತುದಿ ಹಿಡಿದ, ಹಿಡಿದದ್ದಕ್ಕೆ ತಾನೇ ನಾಚಿ ಬಿಟ್ಟ.

"ಅನ್ನೊಂದು ಎಸ್ರು ನಾಕು ದಿನದ ಕೆಲ್ಸ, ಟೀಚರಮ್ಮ. ಅನ್ನೊಂದು ದಿನ ಎಳ್ದೆ."

"ಕಲ್ಲು ಗಟ್ಟಿ ಅಂದಿದ್ರಿ."

"ಕಲ್ಲೇನು ಗಟ್ಟಿ ಇಲ್ಲ. ಮುಗುದ್ರೆ ನೀವು ಬರೋದು ನಿಂತೋಯ್ತದಲ್ಲ."

ಅವಳು ಬೆರಳ ತುದಿಯ ಕಾವಿಯನ್ನು ನೋಡಿಕೊಂಡಳು. "ನಾನೂ ಒಂದೇ ಸಂಜೆ ಅಷ್ಟೂ ಬರೀಬಹುದಿತ್ತು."

ಷಡಕ್ಷರಿ ಉಳಿ ಕೈಗೆತ್ತಿಕೊಂಡ.

"ನಿಮ್ಮಜ್ಜಿ ತಾವ ಬಂದು ಎಣ್ಣು ಕೇಳಾಣ ಅಂತಿದ್ದೆ. ಕೆಲ್ಸ ಇಲ್ದೋನ್ಗೆ ಕೊಟ್ಟಾರಾ?"

"ತಂಗಿ ಹೆಸರು ಕೆತ್ತಿದೋನ್ಗೆ ಕೊಡ್ತಾರೆ," ಅಂದಳು, ಮುಖ ತಿರುಗಿಸಿ.

ಉಳಿ ಕಲ್ಲಿಗೆ ತಾಗಿತು.

ಮಧ್ಯಾಹ್ನ ರುದ್ರಯ್ಯ ಬಂದರು. ಸುತ್ತಿಗೆ ನಿಲ್ಲಲಿಲ್ಲ, ಶಾಂತಕುಮಾರಿಯ ಉಸಿರು ನಿಂತಿತು. ಅವರು ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಓದಿಕೊಂಡರು.

"ಒತ್ತಕ್ಷರ ಜೋಪಾನ ಕಣಪ್ಪ, ಚೆಕ್ಕೆ ಎದ್ದಾತು," ಅಂದವರೇ ಬಂದ ದಾರಿಯಲ್ಲಿ ಹೊರಟುಹೋದರು.

ಷಡಕ್ಷರಿ ಕೊನೆಯ ಒತ್ತಿನ ಬಾಗನ್ನು ಮೆಲ್ಲಗೆ ಸುತ್ತಿಸಿ ಉಳಿ ಕೆಳಗಿಟ್ಟ. ಶಾಂತಕುಮಾರಿ ಬಗ್ಗಿ ಧೂಳು ಊದಿದಳು. ಗುರುಸಿದ್ದಮ್ಮ ಕಲ್ಲಿನ ಮೇಲಿದ್ದಳು.